ಸತ್ತ ಕುದುರೆಯ ಬಾಲಕ್ಕೂ ಬೆಲೆ

ವಿಜಯನಗರದಲ್ಲಿ ಕುದುರೆ ವ್ಯಾಪಾರ ಮಾಡಿಕೊಂಡಿದ್ದ ಪೋರ್ಚುಗೀಸ್ ಫೆರ್ನಾವ್ ನೂನಿಜ್, 1535ರ ಸುಮಾರಿಗೆ ಬರೆದಿಟ್ಟ ವೃತ್ತಾಂತದಲ್ಲಿ ಸಾಳುವ ನರಸಿಂಹನ ಬಗ್ಗೆ ಒಂದು ಮಾತು ಬರುತ್ತದೆ. ಈ ದೊರೆ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ಮತ್ತು ಅರೇಬಿಯದ ಏಡನ್‌ಗಳಿಂದ ಕುದುರೆ ತರಿಸುತ್ತಿದ್ದನಂತೆ. ಸಾವಿರ ಪರ್ದಾವ್‌ಗೆ ಮೂರು ಎಂಬುದು ದರ. ಬದುಕಿ ಬಂದದ್ದಕ್ಕೂ ಅದೇ ದರ, ಸತ್ತದ್ದಕ್ಕೂ ಅದೇ ದರ. ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಯ ಬಾಲವನ್ನು ಕತ್ತರಿಸಿ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಗೆ ಕೊಡುವಷ್ಟೇ ಹಣ ಎಣಿಸಿಕೊಡುತ್ತಿದ್ದರು. ಪೋರ್ಚುಗೀಸರು ಪರ್ದಾವ್ ಎಂದು ಕರೆದದ್ದು ನಮ್ಮ ವರಹವನ್ನು. ವರಹದ ತೂಕ ಸುಮಾರು 3.4 ಗ್ರಾಂ. ಸಾವಿರವನ್ನು ಮೂರಕ್ಕೆ ಹಂಚಿದರೆ ಕುದುರೆಯೊಂದಕ್ಕೆ 333 ವರಹ, ಅಂದರೆ ಒಂದು ಕಿಲೋಗಿಂತ ಹೆಚ್ಚು ತೂಕದ ಚಿನ್ನದ ನಾಣ್ಯ. ಒಂದು ಬಾಲಕ್ಕೆ ಅಷ್ಟು.

ನೂನಿಜ್ ಒಬ್ಬನೇ ಹೀಗೆ ಹೇಳಿದ್ದರೆ ವ್ಯಾಪಾರಿಯ ಬಡಾಯಿ ಎಂದು ಬಿಟ್ಟುಬಿಡಬಹುದಿತ್ತು. ಅವನಿಗಿಂತ ಇನ್ನೂರು ವರ್ಷಕ್ಕೂ ಹಿಂದೆ ಪರ್ಷಿಯಾದ ಇತಿಹಾಸಕಾರ ವಸ್ಸಾಫ್ ಪಾಂಡ್ಯರ ನಾಡಿನ ಬಗ್ಗೆ ಬರೆಯುತ್ತ ಇದೇ ಪದ್ಧತಿಯನ್ನು ಹೇಳುತ್ತಾನೆ. ಕುದುರೆಯೊಂದಕ್ಕೆ 220 ಕೆಂಪು ಚಿನ್ನದ ದಿನಾರ್, ದಾರಿಯಲ್ಲಿ ಸತ್ತರೂ ಹಣ ಅರಸನ ಬೊಕ್ಕಸದಿಂದಲೇ. ಕೀಶ್ ದ್ವೀಪದ ಒಬ್ಬನೇ ದೊಡ್ಡ ವ್ಯಾಪಾರಿಯಿಂದ ವರ್ಷಕ್ಕೆ 1400 ಕುದುರೆ, ಪರ್ಷಿಯಾ ಕೊಲ್ಲಿಯ ಉಳಿದ ಬಂದರುಗಳೂ ಸೇರಿದರೆ ಹತ್ತು ಸಾವಿರ ಎಂಬ ಲೆಕ್ಕವೂ ಅವನದೇ. ಅರಸುಮನೆತನ ಬದಲಾಯಿತು, ಬಂದರು ಬದಲಾಯಿತು, ಮಾರುವವರು ಅರಬರಿಂದ ಪೋರ್ಚುಗೀಸರಾದರು. ಸತ್ತ ಕುದುರೆಗೆ ದುಡ್ಡು ಕೊಡುವ ಏರ್ಪಾಡು ಮಾತ್ರ ಉಳಿದುಕೊಂಡಿತು. ಇಷ್ಟು ದುಬಾರಿಯ ಪ್ರಾಣಿಯನ್ನು ತಲೆಮಾರುಗಟ್ಟಲೆ ಕೊಳ್ಳುತ್ತಲೇ ಹೋದ ನಾಡು, ಅದನ್ನು ತನ್ನಲ್ಲೇ ಏಕೆ ಸಾಕಿ ಬೆಳೆಸಲಿಲ್ಲ? ಹಜಾರರಾಮ ಗುಡಿಯ ಪ್ರಾಕಾರದ ಹೊರಗೋಡೆಯಲ್ಲಿ ಲಗಾಮು ಹಿಡಿದ ಆಳುಗಳ ಜೊತೆ ಸಾಲಾಗಿ ನಡೆದುಹೋಗುವ ಕುದುರೆಗಳನ್ನು ಕಂಡವರಿಗೆಲ್ಲ ಈ ಪ್ರಶ್ನೆ ಏಳಲೇಬೇಕು. ಆ ಸಾಲು ಎಲ್ಲಿಂದಲೋ ಬರುತ್ತಿದೆ. ಯಾವ ವರ್ಷವೂ ನಿಲ್ಲುವಂತಿಲ್ಲ.

ಚರ್ಮದ ಹೊದಿಕೆಯ ಮೇಲೆ

ಮೊದಲು ಹಡಗನ್ನು ನೋಡಬೇಕು. ಹದಿಮೂರನೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಕಂಡ ಹೋರ್ಮುಜ್‌ನ ಹಡಗುಗಳಿಗೆ ಕಬ್ಬಿಣದ ಮೊಳೆ ಇರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದರು. ಸರಕು ತುಂಬಿ, ಮೇಲೆ ಚರ್ಮ ಹೊದಿಸಿ, ಆ ಚರ್ಮದ ಮೇಲೆ ಕುದುರೆಗಳನ್ನು ನಿಲ್ಲಿಸುತ್ತಿದ್ದರು. ಈ ಒಂದು ವಾಕ್ಯದಲ್ಲಿ ಆಗಬಾರದ ಎಷ್ಟೋ ಸಂಗತಿ ಅಡಗಿವೆ. ನಾಲ್ಕು ಕ್ವಿಂಟಲ್ ತೂಗುವ ಪ್ರಾಣಿಗಳು ಸರಕಿನ ಮೇಲೆ ನಿಂತಾಗ ಹಡಗಿನ ಭಾರವೆಲ್ಲ ಮೇಲಕ್ಕೆ ಏರುತ್ತದೆ. ಸಣ್ಣ ಅಲೆಗೂ ಹಡಗು ಹೆಚ್ಚು ಓಲಾಡುತ್ತದೆ. ಚರ್ಮ ನೆನೆದರೆ ಜಾರುತ್ತದೆ. ಗೊರಸು ಜಾರಿ ಕುದುರೆ ಬಿದ್ದರೆ, ಒತ್ತೊತ್ತಾಗಿ ಕಟ್ಟಿದ ಸಾಲಿನಲ್ಲಿ ಅದನ್ನು ಎತ್ತಿ ನಿಲ್ಲಿಸುವ ಜಾಗವೇ ಇರುವುದಿಲ್ಲ.

ಕುದುರೆಯ ದೇಹ ಸಮುದ್ರಯಾನಕ್ಕೆ ಹೇಳಿ ಮಾಡಿಸಿದ್ದಲ್ಲ. ಅದು ವಾಂತಿ ಮಾಡಲಾರದು. ಅನ್ನನಾಳ ಹೊಟ್ಟೆಯನ್ನು ಸೇರುವಲ್ಲಿರುವ ಬಿಗಿಯಾದ ಸ್ನಾಯು ಒಳಗೆ ಹೋದದ್ದನ್ನು ಹಿಂದಕ್ಕೆ ಬಿಡುವುದಿಲ್ಲ. ಬಾಯಿಂದ ಉಸಿರಾಡಲೂ ಬರುವುದಿಲ್ಲ, ಮೂಗೊಂದೇ ದಾರಿ. ನಿಂತೇ ತೂಕಡಿಸಬಲ್ಲದು ನಿಜ, ಕಾಲಿನ ಕೀಲುಗಳನ್ನು ಬಿಗಿಹಿಡಿಯುವ ಸ್ನಾಯುರಜ್ಜುಗಳ ಏರ್ಪಾಡು ಅದಕ್ಕಿದೆ. ಆದರೆ ಗಾಢ ನಿದ್ದೆಗೆ ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ಎಲ್ಲಕ್ಕಿಂತ ಕೆಟ್ಟದ್ದು ತಲೆಯನ್ನು ಎತ್ತರಕ್ಕೆ ಕಟ್ಟಿಹಾಕುವುದು. ಕುದುರೆ ದಿನದ ಬಹುಪಾಲು ತಲೆ ತಗ್ಗಿಸಿ ಮೇಯುವ ಪ್ರಾಣಿ. ಹಾಗೆ ತಗ್ಗಿಸಿದಾಗಲೇ ಶ್ವಾಸನಾಳದೊಳಗಿನ ಧೂಳು, ಲೋಳೆ ಹೊರಕ್ಕೆ ಹರಿದುಬರುತ್ತವೆ. ದಿನಗಟ್ಟಲೆ ತಲೆಯೆತ್ತಿಸಿ ನಿಲ್ಲಿಸಿದರೆ ಅದೆಲ್ಲ ಕೆಳಗಿಳಿದು ಶ್ವಾಸಕೋಶ ಸೇರುತ್ತದೆ, ನ್ಯುಮೋನಿಯಾ ಶುರುವಾಗುತ್ತದೆ. ಇಂದಿಗೂ ಲಾರಿಯಲ್ಲಿ, ವಿಮಾನದಲ್ಲಿ ದೂರ ಸಾಗಿಸಿದ ಕುದುರೆಗಳಿಗೆ ಬರುವ ಜ್ವರಕ್ಕೆ ಇದೇ ಮುಖ್ಯ ಕಾರಣ.

ನೀರಿನ ಲೆಕ್ಕವನ್ನೂ ಹಾಕಬೇಕು. ಬಿಸಿಲಿನಲ್ಲಿ ನಿಂತ ಕುದುರೆಗೆ ದಿನಕ್ಕೆ 30 ಲೀಟರ್ ಎಂದರೆ ಕೈಬಿಗಿ ಹಿಡಿದು ಕೊಟ್ಟಂತೆಯೇ. ಐವತ್ತು ಕುದುರೆ, ಇಪ್ಪತ್ತೈದು ದಿನದ ಪ್ರಯಾಣ ಎಂದಿಟ್ಟುಕೊಂಡರೆ 37,500 ಲೀಟರ್, ಅಂದರೆ ಮೂವತ್ತೇಳೂವರೆ ಟನ್ ಸಿಹಿನೀರು. ಹೋರ್ಮುಜ್ ದ್ವೀಪವೋ ಉಪ್ಪಿನ ಗುಡ್ಡ, ಕುಡಿಯುವ ನೀರು ಅಲ್ಲಿಗೇ ಹೊರಗಿನಿಂದ ಬರಬೇಕು. ಗಾಳಿ ಬಿದ್ದುಹೋಗಿ ಹಡಗು ನಾಲ್ಕು ದಿನ ನಿಂತರೆ ಮೊದಲು ಕಡಿತವಾಗುವುದು ಕುದುರೆಯ ಪಾಲು. ನೀರು ಕಡಿಮೆಯಾಗಿ ಒಣಹುಲ್ಲು ಮಾತ್ರ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಕೂತುಬಿಡುತ್ತದೆ. ಹೊಟ್ಟೆನೋವು ಬಂದ ಕುದುರೆ ಪಕ್ಕೆಯನ್ನು ತಿರುಗಿ ತಿರುಗಿ ನೋಡುತ್ತದೆ, ಮುಂಗಾಲಿನಿಂದ ನೆಲ ಕೆರೆಯುತ್ತದೆ, ಬಿದ್ದು ಹೊರಳುತ್ತದೆ. ಹಡಗಿನಲ್ಲಿ ಹೊರಳಲು ಜಾಗವೆಲ್ಲಿ? 1442ರಲ್ಲಿ ಹೋರ್ಮುಜ್‌ನಿಂದ ಹೊರಟ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಹಡಗಿನವರು ಮನುಷ್ಯರನ್ನೂ ಕುದುರೆಗಳನ್ನೂ ಎರಡು ಹಡಗುಗಳಿಗೆ ಹಂಚಿದರೆಂದು ಹೇಳುತ್ತಾನೆ. ಎಲ್ಲವನ್ನೂ ಒಂದರಲ್ಲೇ ತುಂಬುವುದು ಅಪಾಯವೆಂದು ಅವರಿಗೆ ಗೊತ್ತಿತ್ತು.

ಬಾಲಕ್ಕೆ ಬೆಲೆ ಕೊಟ್ಟ ದೊರೆಯ ಲೆಕ್ಕಾಚಾರ ಇಲ್ಲಿ ಅರ್ಥವಾಗತೊಡಗುತ್ತದೆ. ನಷ್ಟ ತನ್ನ ತಲೆಗೇ ಬರುವುದಾದರೆ ವ್ಯಾಪಾರಿ ಹಡಗು ಹತ್ತಿಸುವ ಕುದುರೆಗಳ ಸಂಖ್ಯೆಯನ್ನೇ ಇಳಿಸುತ್ತಾನೆ, ಇಲ್ಲವೇ ದಾಭೋಳ, ಚೌಲದ ಕಡೆಗೆ ತಿರುಗಿಸಿ ಬಹಮನಿಯವರಿಗೆ ಮಾರುತ್ತಾನೆ. ಬಾಲಕ್ಕೂ ದುಡ್ಡು ಎಂದಾಗ ಹಡಗು ಭಟ್ಕಳಕ್ಕೇ, ಹೊನ್ನಾವರಕ್ಕೇ ಬರುತ್ತದೆ. ಆದರೆ ಇದಕ್ಕೊಂದು ಕೆಟ್ಟ ಮಗ್ಗುಲೂ ಇದೆ. ಸತ್ತರೂ ನಷ್ಟವಿಲ್ಲ ಎಂದಾದ ಮೇಲೆ ಐವತ್ತರ ಜಾಗದಲ್ಲಿ ಎಪ್ಪತ್ತನ್ನು ಒತ್ತರಿಸಲು ಯಾರೂ ಹಿಂಜರಿಯುವುದಿಲ್ಲ. ಕುದುರೆಗಳಿಗೆಂದು ನೀರು ಉಳಿಸಲೂ, ತಲೆ ತಗ್ಗಿಸುವಷ್ಟು ಹಗ್ಗ ಸಡಿಲಿಸಲೂ ಕಾರಣವಿರುವುದಿಲ್ಲ. ಆ ಬಾಲಗಳ ಹಿಂದಿನ ಸಾವುಗಳಲ್ಲಿ ಎಷ್ಟನ್ನೋ ಈ ಏರ್ಪಾಡೇ ತಂದಿರಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಲಾಯದಲ್ಲಿ ನಲವತ್ತು ದಿನ

ದಡ ಮುಟ್ಟಿದವೂ ಬಹಳ ದಿನ ಬಾಳಲಿಲ್ಲ. ಪಾಂಡ್ಯ ಅರಸ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಾನೆ, ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ ಎನ್ನುತ್ತಾನೆ ಪೋಲೊ. ಕಾರಣವನ್ನೂ ಹೇಳುತ್ತಾನೆ: ಸಾಕುವುದು ಗೊತ್ತಿಲ್ಲ, ಲಾಳ ಕಟ್ಟಿ ಮದ್ದು ಮಾಡುವವರಿಲ್ಲ, ಅಂಥವರು ಬರದಂತೆ ವ್ಯಾಪಾರಿಗಳೇ ತಡೆಯುತ್ತಾರೆ, ಅನ್ನ ಮಾಂಸ ಬೇಯಿಸಿ ತಿನ್ನಿಸುತ್ತಾರೆ. ಒಳ್ಳೆಯ ಗಂಡಿಗೆ ಒಳ್ಳೆಯ ಹೆಣ್ಣನ್ನು ಕೂಡಿಸಿದರೂ ಸೊಟ್ಟಗಾಲಿನ, ಸವಾರಿಗೆ ಬಾರದ ಮರಿಯೇ ಹುಟ್ಟುತ್ತದೆ ಎಂದೂ ಸೇರಿಸುತ್ತಾನೆ. ವಸ್ಸಾಫ್ ಬಣ್ಣಿಸುವ ಕ್ರಮ ಇನ್ನೂ ಸ್ಪಷ್ಟ. ಬಂದ ಕುದುರೆಯನ್ನು ಲಾಯದಲ್ಲಿ ಹಗ್ಗ ಗೂಟಕ್ಕೆ ಬಿಗಿದು ನಲವತ್ತು ದಿನ ನಿಲ್ಲಿಸುತ್ತಾರೆ. ಹುರಿದ ಜವೆಗೋಧಿಗೆ ಬೆಣ್ಣೆ ಬೆರೆಸಿ ಕೊಡುತ್ತಾರೆ, ಕಾಯಿಸಿದ ಹಾಲು ಕುಡಿಸುತ್ತಾರೆ. ಕೊಬ್ಬಿದ ಮೇಲೆ ಪಳಗಿಸದೆ, ಕಾಲಿಡುವ ರಿಕಾಪಿಲ್ಲದೆ ಹತ್ತಿ ಓಡಿಸುತ್ತಾರೆ. ಸ್ವಲ್ಪ ದಿನದಲ್ಲೇ ಗಟ್ಟಿಮುಟ್ಟಾದ ಕುದುರೆ ನಿಸ್ಸತ್ವವಾಗುತ್ತದೆ.

ಕುದುರೆ ಬಲ್ಲವರು ಇದನ್ನು ಓದಿದರೆ ಕಾಯಿಲೆಗಳನ್ನು ಒಂದೊಂದಾಗಿ ಗುರುತಿಸುತ್ತಾರೆ. ಮೊದಲನೆಯದು ಗೊರಸಿನ ಉರಿ. ಕುದುರೆಯ ಹೊಟ್ಟೆ ಚಿಕ್ಕದು, 8ರಿಂದ 15 ಲೀಟರ್ ಹಿಡಿಯುವಂಥದ್ದು. ಹುಲ್ಲು ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಒಮ್ಮೆಲೇ ಹೆಚ್ಚು ಕಾಳು, ಅನ್ನ ಹಾಕಿದರೆ ಪಿಷ್ಟ ಅರಗದೆ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಅದರ ವಿಷ ರಕ್ತಕ್ಕಿಳಿದು, ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಟ್ಟಿರುವ ಪದರ ಊದಿ ಸಡಿಲಾಗುತ್ತದೆ. ಕುದುರೆ ಮುಂಗಾಲು ಮುಂದಕ್ಕೆ ಚಾಚಿ, ಹಿಮ್ಮಡಿಯ ಮೇಲೆ ಭಾರ ಹಾಕಿ, ಹೆಜ್ಜೆ ಕೀಳಲು ಒಲ್ಲದೆ ನಿಲ್ಲುತ್ತದೆ. ಎರಡನೆಯದು ಸ್ನಾಯು ಬಿಗಿತ. ಕೆಲಸವಿಲ್ಲದೆ ದಿನಗಟ್ಟಲೆ ಕಾಳು ತಿಂದು ನಿಂತ ಕುದುರೆಯನ್ನು ಹಠಾತ್ತನೆ ಓಡಿಸಿದರೆ ಅರ್ಧ ಗಂಟೆಯೊಳಗೆ ತೊಡೆ ಸೊಂಟದ ಸ್ನಾಯು ಕಲ್ಲಾಗಿ, ಬೆವರು ಕಿತ್ತು, ಕಾಫಿ ಬಣ್ಣದ ಮೂತ್ರ ಹೊಯ್ಯುತ್ತದೆ. ನಲವತ್ತು ದಿನ ಕಟ್ಟಿಹಾಕಿ ಆಮೇಲೆ ದೆವ್ವದ ಹಾಗೆ ಓಡಿಸುವುದೆಂದರೆ ಈ ರೋಗವನ್ನು ಕರೆದು ತರಿಸಿಕೊಂಡಂತೆ. ಮೂರನೆಯದು, ತನ್ನ ಮೂತ್ರದಲ್ಲೇ ನಿಂತ ಕಾಲು. ಅಂಗಾಲಿನ ಮೆತ್ತನೆಯ ಮುಕ್ಕೋನ ಕೊಳೆತು ಕಪ್ಪು ರಸ ಒಸರುತ್ತದೆ. ಗೊರಸು ತಿಂಗಳಿಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆರೇಳು ವಾರಕ್ಕೊಮ್ಮೆ ಕೆತ್ತಿ ಸಮ ಮಾಡದಿದ್ದರೆ ಕಾಲಿನ ನಿಲುವೇ ಕೆಡುತ್ತದೆ.

ಸೊಟ್ಟಗಾಲಿನ ಮರಿಗೂ ಮೇವಿನಲ್ಲೇ ಕಾರಣ ಕಾಣುತ್ತದೆ. ಅಕ್ಕಿ, ತೌಡುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಬಹಳ ಕಡಿಮೆ. ಅದನ್ನೇ ಮುಖ್ಯ ಆಹಾರವಾಗಿಸಿದ ಕುದುರೆಯ ದೇಹ ರಕ್ತದ ಕ್ಯಾಲ್ಸಿಯಂ ಸರಿತೂಗಿಸಲು ಮೂಳೆಯಿಂದಲೇ ಸುಣ್ಣ ಕೀಳುತ್ತದೆ. ಬೆಳೆಯುವ ಮರಿಯ ಕಾಲು ಸೊಟ್ಟಗಾಗದೆ ಇನ್ನೇನಾದೀತು? ಇದರ ಮೇಲೆ ಕರಾವಳಿಯ ಬೇಗೆ. ಒಣ ಹವೆಯ ಮರಳುಗಾಡಿನಿಂದ ಬಂದ ಕುದುರೆಗಳಲ್ಲಿ ಕೆಲವು ಸೆಖೆಯ ನಾಡಿಗೆ ಬಂದ ಮೇಲೆ ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಕೂದಲು ಒಣಗಿ, ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡುತ್ತವೆ, ಮೈಬಿಸಿ ಏರುತ್ತದೆ. ಮಳೆಗಾಲದ ದೊಡ್ಡ ನೊಣಗಳು ಕಚ್ಚಿ ಹರಡುವ ಸರ್ರಾ ರೋಗ ಬಂದರಂತೂ ಜ್ವರ ಬಿಟ್ಟು ಬಿಟ್ಟು ಬಂದು ಕುದುರೆ ಒಣಗಿ ಸಾಯುತ್ತದೆ.

ಹಾಗಾದರೆ ಇಲ್ಲಿನವರಿಗೆ ಕುದುರೆ ಗೊತ್ತೇ ಇರಲಿಲ್ಲವೇ? ಪೋಲೊ ಮಾತನ್ನು ಇಡೀ ದಕ್ಷಿಣಕ್ಕೆ ಅನ್ವಯಿಸುವುದು ತಪ್ಪು. ಪೋಲೊಗಿಂತ ನೂರೈವತ್ತು ವರ್ಷ ಮೊದಲೇ ಕಲ್ಯಾಣದ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಕುದುರೆಗಳ ತಳಿ, ಲಕ್ಷಣ, ಪಳಗಿಸುವ ಬಗೆ ಎಲ್ಲವನ್ನೂ ಬರೆದಿದ್ದಾನೆ. ಕುದುರೆಯೇರಿ ಚೆಂಡಾಡುವ ವಾಜಿವಾಹ್ಯಾಲಿ ವಿನೋದಕ್ಕೆ ಬೇರೆಯೇ ಭಾಗವಿದೆ. ಚೆಂಡಿನ ಹಿಂದೆ ಓಡಿ, ಗಕ್ಕನೆ ನಿಂತು, ತಿರುಗಿ ಮತ್ತೆ ಓಡುವಷ್ಟು ಪಳಗಿದ ಕುದುರೆ, ಸಾಕಲು ಬಾರದವರ ಲಾಯದಲ್ಲಿ ತಯಾರಾಗುವುದಿಲ್ಲ. ಕುದುರೆಯ ಐದು ನಡೆಗಳಿಗೆ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಹೆಸರಿಟ್ಟ ಪರಂಪರೆ ಇದು. ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ. ಬಹಮನಿ ಅಹ್ಮದ್ ಷಾ ಶಾಲಿಹೋತ್ರ ಎಂಬ ಸಂಸ್ಕೃತದ ಅಶ್ವಶಾಸ್ತ್ರವನ್ನು ಪರ್ಷಿಯನ್ ಭಾಷೆಗೆ ಮಾಡಿಸಿದ. ಪರ್ಷಿಯಾದಿಂದ ಕುದುರೆ ಬಂತು, ಕುದುರೆ ಮದ್ದಿನ ಪುಸ್ತಕ ಇಲ್ಲಿಂದ ಆ ಭಾಷೆಗೆ ಹೋಯಿತು. ಈ ಅದಲುಬದಲು ನನಗೆ ಬಹಳ ಹಿಡಿಸುತ್ತದೆ. ನಮ್ಮ ಮಾತಿನಲ್ಲೂ ಅದು ಹಾಗೇ ಕೂತಿದೆ: ಜೀನು, ಲಗಾಮು, ರಿಕಾಪು, ಲಾಳ ಆಚೆಯಿಂದ ಬಂದವು. ಹಲ್ಲಣ, ಕಡಿವಾಣ ಮೊದಲಿನಿಂದ ಇದ್ದವು. ಅರಬ್ಬಿಯನ್ನು ಸೂಚಿಸುವ ತಾಜಿ ನಮ್ಮ ಕಾವ್ಯಗಳಲ್ಲಿ ತೇಜಿಯಾಗಿ ಓಡಾಡುತ್ತದೆ.

ಆದರೆ ಓಲೆಗರಿಯಲ್ಲಿದ್ದ ವಿದ್ಯೆ ಲಾಯದ ಆಳಿನ ಕೈಗೆ ಬರಬೇಕಲ್ಲ. ಹುರುಳಿಯನ್ನೇ ತೆಗೆದುಕೊಳ್ಳಿ. ಒಣ ಹುರುಳಿಯನ್ನು ಹಾಗೇ ಸುರಿದರೆ ಅರ್ಧ ಕಾಳು ಲದ್ದಿಯಲ್ಲಿ ಇಡಿಯಾಗಿ ಬೀಳುತ್ತದೆ, ಉಳಿದದ್ದು ಹೊಟ್ಟೆಯೊಳಗೆ ನೀರು ಹೀರಿ ಉಬ್ಬುತ್ತದೆ. ರಾತ್ರಿ ನೆನೆಹಾಕಿ, ಎರಡು ಬೆರಳ ನಡುವೆ ಹಿಸುಕಿದರೆ ನುರಿಯುವಷ್ಟು ಬೇಯಿಸಿ, ಆರಿಸಿ, ದಿನದ ಪಾಲನ್ನು ಎರಡು ಮೂರು ಹೊತ್ತಿಗೆ ಹಂಚಿ ಕೊಡಬೇಕು. ಅದೂ ಮೊದಲು ಹುಲ್ಲು ತಿನ್ನಿಸಿದ ಮೇಲೆ. ನಾನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಆರರಿಂದ ಎಂಟು ಕಿಲೋ ಒಣಮೇವು ಬೇಕೇ ಬೇಕು, ಕಾಳು ಅದರ ಮೇಲಿನ ಮಾತು. ಒಂದು ಕುದುರೆಗೆ ಇದನ್ನು ಮಾಡುವುದು ಸುಲಭ. ಸಾವಿರ ಕುದುರೆಗೆ ದಿನಾ ತಪ್ಪದೆ ಮಾಡಲು ಸೌದೆ, ಹಂಡೆ, ಹುಲ್ಲಿನ ಬಣವೆ, ನಿಷ್ಠೆಯ ಆಳು ಎಲ್ಲವೂ ಬೇಕು. ಕೃಷ್ಣದೇವರಾಯನ ನಂತರದ ಅರಮನೆಯಲ್ಲಿ ಕುದುರೆ ನೋಡಿಕೊಳ್ಳುವ ಆಳುಗಳೇ 1600 ಮಂದಿ ಎಂದು ನೂನಿಜ್ ಲೆಕ್ಕ ಕೊಡುತ್ತಾನೆ. ಅದು ಅರಮನೆಯ ಮಾತು. ರಾಯ ಕೊಟ್ಟ ಸೀಮೆಯನ್ನು ಆಳುವ ದೂರದ ನಾಯಕನೊಬ್ಬನ ಲಾಯದ ಕಥೆ ಬೇರೆ.

ನಿಕಿತಿನ್‌ನ ಒಂದು ಗಂಡುಕುದುರೆ

ಈ ಇಡೀ ವ್ಯಾಪಾರದಲ್ಲಿ ನಾವು ಹತ್ತಿರದಿಂದ ನೋಡಬಹುದಾದ ಕುದುರೆ ಒಂದಿದೆ. ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಹೋರ್ಮುಜ್‌ನಿಂದ ಒಂದು ಗಂಡುಕುದುರೆ ಹಿಡಿದುಕೊಂಡು ಚೌಲದಲ್ಲಿ ಇಳಿದ. ಜುನ್ನರ್ ತಲುಪುವ ಹೊತ್ತಿಗೆ ಅದರ ಮೇಲೆ ನೂರು ರೂಬಲ್ ಖರ್ಚಾಗಿತ್ತು, ಅವನ ಬಳಿ ಇದ್ದ ಬಂಡವಾಳವೆಂದರೆ ಅದೊಂದೇ. ಮಳೆ ಹಿಡಿದುಕೊಂಡಿತ್ತು, ಹಗಲೂ ರಾತ್ರಿ ಎಲ್ಲೆಲ್ಲೂ ನೀರು ಕೆಸರು ಎಂದು ಬರೆಯುತ್ತಾನೆ. ಜುನ್ನರಿನ ಖಾನ ಕುದುರೆಯನ್ನು ಕಿತ್ತುಕೊಂಡ. ನಮ್ಮ ಮತಕ್ಕೆ ಬಂದರೆ ಕುದುರೆಯನ್ನೂ ಕೊಟ್ಟು ಸಾವಿರ ಚಿನ್ನದ ನಾಣ್ಯವನ್ನೂ ಕೊಡುತ್ತೇನೆ, ಬರದಿದ್ದರೆ ಕುದುರೆಯೂ ಇಲ್ಲ, ನಿನ್ನ ತಲೆಯ ಮೇಲೆ ಸಾವಿರ ದಂಡ ಎಂದ. ನಾಲ್ಕು ದಿನದ ಗಡುವು. ಅಷ್ಟರಲ್ಲಿ ಖುರಾಸಾನದ ಖೋಜಾ ಮಹಮ್ಮದ್ ಎಂಬವನು ಊರಿಗೆ ಬಂದು, ಖಾನನ ಹತ್ತಿರ ಹೋಗಿ ಮಾತಾಡಿ ಕುದುರೆಯನ್ನು ಬಿಡಿಸಿಕೊಟ್ಟ. ಆಮೇಲೆ ನಿಕಿತಿನ್ ಅದನ್ನು ಬೀದರಿಗೆ ಹೊಡೆದುಕೊಂಡು ಬಂದು ಮಾರಿದ. ಒಂದು ವರ್ಷ ಅದನ್ನು ಸಾಕಲು 68 ಫುತುನ್ ನಾಣ್ಯ ಖರ್ಚು ಬಿತ್ತು ಎಂಬ ಲೆಕ್ಕವನ್ನೂ ಬಿಟ್ಟಿಲ್ಲ.

ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆಗಳೇ ಹುಟ್ಟುವುದು ಎಂದು ಬರೆದವನೂ ಇವನೇ. ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಸೇರಿಸಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದೂ ಗಮನಿಸಿದ್ದಾನೆ. ಅಲ್ಲೇ ಇನ್ನೊಂದು ಚಿತ್ರವೂ ಇದೆ. ಇಂದಿನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಶೇಖ್ ಅಲಾವುದ್ದೀನನ ಹೆಸರಿನ ಜಾತ್ರೆ, ಹತ್ತು ದಿನದ ಸಂತೆ, ಮಾರಾಟಕ್ಕೆ ಬರುವ ಕುದುರೆಗಳು ಇಪ್ಪತ್ತು ಸಾವಿರದವರೆಗೆ. ಅಲ್ಲಿ ಕೊಳ್ಳಲು ಬಂದವರು ಏನು ನೋಡುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ಮೊದಲು ತುಟಿ ಸರಿಸಿ ಹಲ್ಲು. ಎರಡೂವರೆ ವರ್ಷಕ್ಕೆ ಮುಂದಿನ ನಡುಜೋಡಿ ಬದಲಾಗುತ್ತದೆ, ಮೂರೂವರೆಗೆ ಪಕ್ಕದ ಜೋಡಿ, ನಾಲ್ಕೂವರೆಗೆ ಕೊನೆಯ ಜೋಡಿ, ಐದಕ್ಕೆ ಬಾಯಿ ತುಂಬುತ್ತದೆ. ಆಮೇಲೆ ಕೆಳಹಲ್ಲುಗಳ ನೆತ್ತಿಯ ಕಪ್ಪುಗುಳಿ ಆರು, ಏಳು, ಎಂಟರ ಹೊತ್ತಿಗೆ ಜೋಡಿ ಜೋಡಿಯಾಗಿ ಮಾಸುತ್ತದೆ. ಹಲ್ಲು ಆದ ಮೇಲೆ ಸುಳಿ. ನಮ್ಮ ರೈತರು ಎತ್ತಿನ ಮೈಮೇಲೆ ನೋಡುವ ಹಾಗೆಯೇ, ಹಣೆ, ಕೊರಳು, ಎದೆಯ ಕೂದಲ ಸುಳಿಗಳಿಗೆ ಶುಭ ಅಶುಭದ ಪಟ್ಟಿಯೇ ಅಶ್ವಶಾಸ್ತ್ರಗಳಲ್ಲಿದೆ. ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿದ್ದರೆ ಪಂಚಕಲ್ಯಾಣಿ, ಬೆಲೆ ಮೇಲೆ.

ನಿಕಿತಿನ್‌ನ ಕುದುರೆ ಒಂದು ಪೂರ್ತಿ ವರ್ಷ, ಒಂದು ಪೂರ್ತಿ ಮಳೆಗಾಲ ಬದುಕಿತು ಎಂಬುದು ನನಗೆ ದೊಡ್ಡ ಸಾಕ್ಷಿಯಾಗಿ ಕಾಣುತ್ತದೆ. ಅವನೇನೂ ಅಶ್ವಪಂಡಿತನಲ್ಲ. ಆದರೆ ತನ್ನ ಇಡೀ ಬದುಕನ್ನು ಒಂದೇ ಪ್ರಾಣಿಯ ಮೇಲೆ ಹೂಡಿದ್ದ, ಬೀದರಿನ ಹವೆಯೋ ಕರಾವಳಿಯಂತೆ ಬೇಯಿಸುವುದಿಲ್ಲ. ಬಯಲುಸೀಮೆಯಲ್ಲಿ ಕುದುರೆ ಬದುಕುತ್ತದೆ. ಎರಡನೇ ದೇವರಾಯನ ಆಸ್ಥಾನದಲ್ಲಿ ನಡೆದ ಚರ್ಚೆಯನ್ನು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ: ಬಹಮನಿಯವರು ಮತ್ತೆ ಮತ್ತೆ ಗೆಲ್ಲುವುದೇಕೆ ಎಂದು ಅರಸ ಕೇಳಿದಾಗ, ಅವರ ಕುದುರೆಗಳು ಗಟ್ಟಿ, ಹೆಚ್ಚು ದಣಿವು ತಾಳುತ್ತವೆ, ಅವರಲ್ಲಿ ಬಿಲ್ಲುಗಾರರೂ ಹೆಚ್ಚು ಎಂಬ ಉತ್ತರ ಬಂತಂತೆ. ಅರಸ ಮುಸಲ್ಮಾನ ಸವಾರರನ್ನು ಸೇನೆಗೆ ಸೇರಿಸಿಕೊಂಡ. ಸವಾರರನ್ನು ಬೆಳೆಸಿಕೊಳ್ಳುವ ದಾರಿ ಹುಡುಕಿದವನು ಕುದುರೆಯನ್ನು ಬೆಳೆಸಿಕೊಳ್ಳುವ ದಾರಿ ಏಕೆ ಹುಡುಕಲಿಲ್ಲ?

ಸೆಪ್ಟೆಂಬರಿನ ಲೆಕ್ಕ

ಉತ್ತರ ನೂನಿಜ್‌ನ ಇನ್ನೊಂದು ಸಾಲಿನಲ್ಲಿದೆ ಎಂದು ನನ್ನ ಎಣಿಕೆ. ದೊರೆ ವರ್ಷಕ್ಕೆ ಹೋರ್ಮುಜ್‌ನ 13,000 ಕುದುರೆಗಳನ್ನೂ ಜೊತೆಗೆ ನಾಡಕುದುರೆಗಳನ್ನೂ ಕೊಳ್ಳುತ್ತಾನೆ. ಒಳ್ಳೆಯದನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ನಾಡಕುದುರೆಗಳನ್ನು ನಾಯಕರಿಗೆ ಸಾವಿರ ಪರ್ದಾವ್‌ಗೆ ಐದರಂತೆ ಮಾರುತ್ತಾನೆ. ಅವರು ಸೆಪ್ಟೆಂಬರಿನೊಳಗೆ ಹಣ ಕಟ್ಟಬೇಕು. ಆ ಹಣದಿಂದಲೇ ಪೋರ್ಚುಗೀಸರಿಗೆ ಅರಬ್ಬಿ ಕುದುರೆಗಳ ಬೆಲೆ ತೀರುತ್ತದೆ, ಬೊಕ್ಕಸದಿಂದ ಒಂದು ಕಾಸೂ ಹೋಗುವುದಿಲ್ಲ. ಹದಿಮೂರು ಸಾವಿರ ಎಂಬುದು ನನಗೆ ಹೆಚ್ಚೆನಿಸುತ್ತದೆ. ಹಡಗಿಗೆ ಐವತ್ತರಂತೆ ಹಿಡಿದರೂ 260 ಹಡಗು ಬೇಕು. ಆದರೆ ವ್ಯವಸ್ಥೆಯ ವಿವರ ಕುದುರೆ ಮಾರಿದವನೇ ಹೇಳಿದ್ದು, ಅದನ್ನು ನಂಬಬಹುದು.

ಈಗ ಪಂಚಾಂಗ ಹಿಡಿದು ನೋಡಿ. ಜೂನಿನಿಂದ ಆಗಸ್ಟಿನವರೆಗೆ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚಿರುತ್ತವೆ. ಮಳೆ ಇಳಿದ ಮೇಲೆ ಹಡಗು ಬರತೊಡಗುತ್ತವೆ. ನಾಯಕರ ಬಾಕಿ ಚುಕ್ತಾ ಆಗಬೇಕಾದದ್ದು ಅದೇ ಸೆಪ್ಟೆಂಬರಿನಲ್ಲಿ. ಅದರ ಬೆನ್ನಿಗೇ ಮಹಾನವಮಿ. ರಾಯನ ಎರಡು ಛತ್ರಿ ಹೊತ್ತ ಪಟ್ಟದ ಕುದುರೆ ಎಲ್ಲಕ್ಕಿಂತ ಹೆಚ್ಚು ಸಿಂಗಾರಗೊಂಡು ಮುಂದೆ ನಡೆಯುವುದನ್ನು, ಉಳಿದವು ಹಿಂದೆ ಬರುವುದನ್ನು ಪೋರ್ಚುಗೀಸ್ ಪ್ರವಾಸಿ ಪಾಯಸ್ 1520ರ ಸುಮಾರಿಗೆ ಕಣ್ಣಾರೆ ಕಂಡು ಬರೆದಿದ್ದಾನೆ. ಹೀಗೆ ವರ್ಷದ ಲೆಕ್ಕ ವರ್ಷಕ್ಕೇ ಮುಗಿಯುವ ಚಕ್ರ. ಕುದುರೆ ಸಾಕಿ ಬೆಳೆಸುವ ಚಕ್ರ ಬೇರೆ. ಹೆಣ್ಣುಕುದುರೆ ಹನ್ನೊಂದು ತಿಂಗಳು ಗರ್ಭ ಹೊರುತ್ತದೆ, ಒಂದೇ ಮರಿ ಹಾಕುತ್ತದೆ. ಆ ಮರಿಯ ಮೂಳೆ ಬಲಿತು, ಪಳಗಿ, ಕವಚ ತೊಟ್ಟ ರಾವುತನನ್ನು ಹೊರಲು ನಾಲ್ಕೈದು ವರ್ಷ. ಇಂದು ಶುರುಮಾಡಿದವನಿಗೆ ಮೊದಲ ಕುದುರೆ ಸಿಗುವುದು ಆರನೇ ವರ್ಷ. ಸೀಮೆಯಿಂದ ಯಾವಾಗ ಎಬ್ಬಿಸುತ್ತಾರೋ ತಿಳಿಯದ ನಾಯಕ ಆರು ವರ್ಷ ಹುಲ್ಲುಗಾವಲು ಬಿಟ್ಟು ಕಾಯುತ್ತಾನೆಯೇ? ಇತ್ತ ರಾಯನಿಗೂ ನಾಯಕರು ಸ್ವಂತ ಕುದುರೆ ಬೆಳೆಸಿಕೊಳ್ಳುವುದು ಹಿತವಲ್ಲ. ಕುದುರೆ ತನ್ನ ಕೈಯಿಂದಲೇ ಹೋಗಬೇಕು, ಲಗಾಮು ತನ್ನ ಕೈಯಲ್ಲೇ ಇರಬೇಕು. ಸಾಕಾಣಿಕೆ ಕಲಿಯದಿರಲು ಮೇವು, ಹವೆಗಳಿಗಿಂತ ದೊಡ್ಡ ಕಾರಣ ಇದೇ ಎಂದು ನಾನು ನಂಬುತ್ತೇನೆ.

ಇದೇ ನಾಡು ಎತ್ತಿನ ವಿಷಯದಲ್ಲಿ ಬೇರೆ ರೀತಿ ನಡೆದುಕೊಂಡಿತು ಎಂಬುದನ್ನು ಮರೆಯಬಾರದು. ಮುಂದೆ ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನೇ ತೆರೆದರು, ಕಾವಲುಗಳನ್ನು ಬಿಟ್ಟರು, ಅದೇ ಮುಂದೆ ಅಮೃತಮಹಲ್ ಆಯಿತು. ಹುಲ್ಲುಗಾವಲು ಬಿಡಲು, ತಳಿ ಕಾಪಾಡಲು ಇಲ್ಲಿನವರಿಗೆ ಬರುತ್ತಿತ್ತು.

ಕೊಳ್ಳುವ ನಾಡಿನ ಈ ಅಗತ್ಯವನ್ನು ಪೋರ್ಚುಗೀಸರು ಚೆನ್ನಾಗಿ ಅರಿತಿದ್ದರು. 1510ರಲ್ಲಿ ಗೋವೆಯನ್ನು ಬಿಜಾಪುರದಿಂದ ಕಿತ್ತುಕೊಂಡ ಅಲ್ಬುಕರ್ಕ್, ಕುದುರೆ ಹಡಗುಗಳೆಲ್ಲ ಅಲ್ಲಿಗೇ ಬಂದು ಸುಂಕ ಕಟ್ಟುವಂತೆ ಮಾಡಿದ. 1547ರ ಒಪ್ಪಂದದಲ್ಲಿ ಗೋವೆಗೆ ಬಂದ ಕುದುರೆಗಳೆಲ್ಲ ವಿಜಯನಗರಕ್ಕೇ, ಬಿಜಾಪುರಕ್ಕೆ ಇಲ್ಲ ಎಂದಾಯಿತು. ಹದಿನೆಂಟು ವರ್ಷ ಕಳೆದು 1565ರಲ್ಲಿ ರಕ್ಕಸತಂಗಡಿಯ ಬಯಲಿನಲ್ಲಿ ಕೊಳ್ಳುವವನೇ ಇಲ್ಲವಾದಾಗ ಗೋವೆಯ ಸುಂಕದ ಕಟ್ಟೆಯೂ ಸೊರಗಿತು.

ಕುದುರೆ ಬೆಳೆಸುವ ಕೆಲಸ ಕೊನೆಗೆ ನಡೆದದ್ದು ಭೀಮಾ ನದಿಯ ದಂಡೆಯಲ್ಲಿ. ಭೀಮಥಡಿ ಎಂದು ಹೆಸರಾದ ಆ ಕುದುರೆ ನಾಡತಟ್ಟುವಿಗೆ ಅರಬ್ಬಿಯ ರಕ್ತ ಬೆರೆತು ಬಂದದ್ದು. ಗಿಡ್ಡ, ನೋಟಕ್ಕೆ ಸಾಧಾರಣ, ಮರಾಠಾ ಸವಾರರನ್ನು ಹೊತ್ತು ದಿನಗಟ್ಟಲೆ ನಡೆಯುವಂಥದ್ದು. ಕರಾವಳಿಯ ಸೆಖೆಯಿಲ್ಲದ ಒಣನೆಲ, ಅಕ್ಕಿಯ ಬದಲು ಜೋಳದ ಕಣಿಕೆ. ಕಣಿಕೆಯಲ್ಲೂ ಎಚ್ಚರ ಬೇಕು, ತೆನೆ ಬಿಡುವ ಮುಂಚಿನ ಎಳೆಜೋಳದಲ್ಲಿ ವಿಷವಿರುತ್ತದೆ, ಬಲಿತು ಕೊಯ್ದು ಚೆನ್ನಾಗಿ ಒಣಗಿಸಿದ್ದನ್ನೇ ಹಾಕಬೇಕು. ದನ ಸಾಕುವ ಆ ಸೀಮೆಯ ಒಕ್ಕಲಿಗೆ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ. ಆಳಂದದ ಸಂತೆಯ ಜಾಗದಿಂದ ಭೀಮೆ ಬಹಳ ದೂರವೇನೂ ಇಲ್ಲ.